ಶವಪೆಟ್ಟಿಗೆಯ ಮುಂದೆ ನಡೆದ ಪ್ರಣಯ: ಆನ್ ಯಾಕೆ ಒಪ್ಪಿದಳು?

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಅಂತರಕಾಲೇಜು ಸ್ಪರ್ಧೆಗಾಗಿ ಶೇಕ್ಸ್‌ಪಿಯರನ ಚಾರಿತ್ರಿಕ ನಾಟಕಗಳ ಎರಡು ದೃಶ್ಯಗಳನ್ನು ಕನ್ನಡದಲ್ಲಿ ಆಡಿಸುತ್ತಿದ್ದೇವೆ. ಒಂದು, ‘ಮೂರನೇ ರಿಚರ್ಡ್’ನಲ್ಲಿ ರಿಚರ್ಡ್ ತಾನೇ ಕೊಂದವನ ವಿಧವೆ ಆನ್‌ಳನ್ನು ಅವಳ ಮಾವನ ಶವದ ಮುಂದೆಯೇ ಒಲಿಸಿಕೊಳ್ಳುವುದು. ಇನ್ನೊಂದು, ‘ಐದನೇ ಹೆನ್ರಿ’ಯ ಕೊನೆಯಲ್ಲಿ ಹೆನ್ರಿ ಫ್ರಾನ್ಸಿನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಗೆ ಕೇಳುವುದು. ಆನ್ ಪಾತ್ರದ ಹುಡುಗಿ, ‘ಇಷ್ಟು ಬೇಗ ಯಾವ ಹೆಂಗಸೂ ಕರಗುವುದಿಲ್ಲ, ಇದು ಹೆಂಗಸರನ್ನು ಹೀಗಳೆಯುವ ದೃಶ್ಯ, ನಂಬಿ ಆಡಲಾರೆ’ ಎಂದು ಹಟ ಹಿಡಿದಿದ್ದಾಳೆ. ರಿಚರ್ಡ್ ನಿಜವಾಗಿ ಒಳ್ಳೆಯ ರಾಜನಾಗಿದ್ದ, ಇದೆಲ್ಲ ಅಪಪ್ರಚಾರ ಎಂದು ಇನ್ನೊಬ್ಬ ಓದಿಕೊಂಡು ಬಂದಿದ್ದಾನೆ. ಹೆನ್ರಿಯ ದೃಶ್ಯ ಮಾತ್ರ ಎಲ್ಲರಿಗೂ ಇಷ್ಟ. ಆದರೆ ನನಗೆ ಅದನ್ನು ನೋಡುವಾಗಲೂ ಏನೋ ಕಸಿವಿಸಿ. ಇವು ಪ್ರೇಮವೋ, ಮೋಸವೋ? ಹೇಗೆ ಆಡಿಸಬೇಕು?

ಉತ್ತರ: ನಿಮ್ಮ ವಿದ್ಯಾರ್ಥಿನಿಯ ತಕರಾರಿಗೆ ನಾಟಕದೊಳಗೇ ಉತ್ತರವಿದೆ. ಅದನ್ನು ಆನ್‌ಳ ಸ್ವಭಾವದಲ್ಲಿ ಹುಡುಕಿದರೆ ಸಿಗುವುದಿಲ್ಲ, ಅವಳ ಸುತ್ತ ನಿಂತವರಲ್ಲಿ ಹುಡುಕಬೇಕು. ಈ ನಾಟಕಗಳನ್ನು ಬಹಳ ವರ್ಷ ಪಾಠ ಮಾಡಿದ್ದೇನೆ, ಕಾಲೇಜು ತಂಡಗಳ ತಾಲೀಮುಗಳಲ್ಲಿ ಕುಳಿತಿದ್ದೇನೆ. ಸಮಯ ಸಾಲದೆ ದೃಶ್ಯವನ್ನು ಕತ್ತರಿಸುವಾಗ ತಂಡಗಳು ಮೊದಲು ಕೈಬಿಡುವುದು ಕಾವಲಿನವರನ್ನು. ದೃಶ್ಯ ನಂಬಲಾಗದಂತಾಗುವುದು ಅಲ್ಲಿಂದಲೇ.

ಆರಂಭವನ್ನೇ ನೋಡಿ. ಆನ್ ತನ್ನ ಮಾವ ಆರನೇ ಹೆನ್ರಿಯ ಶವವನ್ನು ಮಣ್ಣು ಮಾಡಲು ಚರ್ಟ್ಸಿಯ ಮಠಕ್ಕೆ ಒಯ್ಯುತ್ತಿದ್ದಾಳೆ. ಒಂದು ಕಾಲದಲ್ಲಿ ರಾಜನಾಗಿದ್ದವನ ಶವಯಾತ್ರೆಗೆ ಬಂದಿರುವವರು ಪೆಟ್ಟಿಗೆ ಹೊರುವವರು, ಒಂದಿಬ್ಬರು ಹಿಂಬಾಲಕರು, ಆಯುಧ ಹಿಡಿದ ಕೆಲವು ಕಾವಲಿನವರು, ಅಷ್ಟೇ. ರಿಚರ್ಡ್ ಅಡ್ಡ ಬಂದು ಪೆಟ್ಟಿಗೆ ಇಳಿಸಿ ಎನ್ನುತ್ತಾನೆ. ಕಾವಲಿನವನೊಬ್ಬ ಧೈರ್ಯ ಮಾಡಿ, ‘ಪ್ರಭು, ಹಿಂದೆ ಸರಿಯಿರಿ, ಪೆಟ್ಟಿಗೆ ಹೋಗಲಿ’ ಎನ್ನುತ್ತಾನೆ. ರಿಚರ್ಡ್ ಅವನನ್ನು ನಾಯಿ ಎಂದು ಬೈದು, ಆಯುಧವನ್ನು ಎದೆಯ ಮುಂದಿನಿಂದ ಮೇಲೆತ್ತು, ಇಲ್ಲವಾದರೆ ಕಾಲಡಿ ಕೆಡವುತ್ತೇನೆ ಎಂದು ಗದರುತ್ತಾನೆ. ಪೆಟ್ಟಿಗೆ ಕೆಳಗಿಳಿಯುತ್ತದೆ. ಆಗ ಆನ್ ತನ್ನವರ ಕಡೆ ತಿರುಗಿ ಹೇಳುವ ಮಾತು ಇಡೀ ದೃಶ್ಯದ ಬೀಗದ ಕೈ: ‘ಏನು, ನಡುಗುತ್ತಿದ್ದೀರಾ? ಎಲ್ಲರಿಗೂ ಹೆದರಿಕೆಯೇ? ಅಯ್ಯೋ, ನಿಮ್ಮನ್ನು ದೂರಲಾರೆ, ನೀವು ಸಾಯುವ ಮನುಷ್ಯರು.’

ಒಲಿಸುವ ಮಾತು ಶುರುವಾಗುವ ಮೊದಲೇ ಆನ್‌ಗೆ ಒಂದು ವಿಷಯ ಖಚಿತವಾಗಿದೆ. ಗಂಡ ಸತ್ತಿದ್ದಾನೆ, ಮಾವ ಸತ್ತಿದ್ದಾನೆ, ತಂದೆ ಸತ್ತಿದ್ದಾನೆ, ಸಿಂಹಾಸನಕ್ಕಾಗಿ ರಿಚರ್ಡ್‌ನ ಮನೆತನದೊಡನೆ ನಡೆದ ಯುದ್ಧದಲ್ಲಿ ಅವಳ ಪಕ್ಷ ನುಚ್ಚುನೂರಾಗಿದೆ. ಉಳಿದಿದ್ದ ನಾಲ್ಕು ಆಯುಧಗಳೂ ಒಂದು ಗದರಿಕೆಗೆ ಶರಣಾಗಿವೆ. ಇಷ್ಟಾದ ಮೇಲೂ ಅವಳು ಶಪಿಸುತ್ತಾಳೆ, ವಾದಿಸುತ್ತಾಳೆ, ಅವನ ಮುಖಕ್ಕೆ ಉಗುಳುತ್ತಾಳೆ. ಇದನ್ನು ಮಾಡುವವಳನ್ನು ದುರ್ಬಲೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ರಿಚರ್ಡ್ ಸುಳ್ಳು ಹೇಳಿ ಗೆದ್ದ ಎಂಬ ಮಾತನ್ನೂ ಸ್ವಲ್ಪ ಸೂಕ್ಷ್ಮವಾಗಿ ನೋಡಬೇಕು. ಮೊದಲು ನುಣುಚಿಕೊಳ್ಳಲು ನೋಡುತ್ತಾನೆ, ನಿನ್ನ ಗಂಡನನ್ನು ಕೊಂದದ್ದು ನನ್ನಣ್ಣ ಎನ್ನುತ್ತಾನೆ. ಆ ಸುಳ್ಳು ಅವಳ ಮುಂದೆ ನಡೆಯುವುದಿಲ್ಲ. ‘ಈ ರಾಜನನ್ನು ನೀನು ಕೊಲ್ಲಲಿಲ್ಲವೇ?’ ಎಂದಾಗ ‘ಹೌದು, ಒಪ್ಪುತ್ತೇನೆ’ ಎನ್ನುತ್ತಾನೆ. ಅಲ್ಲಿಂದ ಮುಂದೆ ಅವನ ಬಂಡವಾಳವೇ ತಪ್ಪೊಪ್ಪಿಗೆ. ಕೊಲೆಯನ್ನು ಮುಚ್ಚಿಡುವುದಿಲ್ಲ, ಕೊಲೆಯ ಕಾರಣವನ್ನು ಬದಲಿಸುತ್ತಾನೆ: ಕೊಂದದ್ದು ನಾನೇ, ಕೊಲ್ಲಿಸಿದ್ದು ನಿನ್ನ ಚೆಲುವು. ಸಿಂಹಾಸನಕ್ಕಾಗಿ ನಡೆದ ರಕ್ತಪಾತದ ಪಾಲನ್ನು ಅವಳ ಹೆಗಲಿಗೆ ದಾಟಿಸುತ್ತಾನೆ. ಅಧಿಕಾರದಲ್ಲಿರುವವನು ನಿಜವನ್ನೇ ಹೇಳಿ ಮೋಸ ಮಾಡಬಲ್ಲ ಎಂಬುದನ್ನು ಇಷ್ಟು ಬರಿಗಣ್ಣಿಗೆ ಕಾಣುವಂತೆ ತೋರಿಸಿದ ಇನ್ನೊಂದು ದೃಶ್ಯ ನನಗೆ ಗೊತ್ತಿಲ್ಲ.

ಆಮೇಲೆ ಕತ್ತಿ. ಮಂಡಿಯೂರಿ, ಎದೆ ತೆರೆದು, ಕತ್ತಿಯನ್ನು ಅವಳ ಕೈಗಿಡುತ್ತಾನೆ. ಅವಳು ಎರಡು ಸಲ ಮುಂದಾಗುತ್ತಾಳೆ, ಎರಡು ಸಲವೂ ಅವನು ಒಂದೊಂದು ಕೊಲೆಯನ್ನು ಒಪ್ಪಿಕೊಂಡು ಅದಕ್ಕೆ ಅವಳ ಚೆಲುವನ್ನು ಜೋಡಿಸುತ್ತಾನೆ. ಕತ್ತಿ ಕೆಳಗೆ ಬೀಳುತ್ತದೆ. ‘ನಿನ್ನ ಸಾವು ನನಗೆ ಬೇಕು, ಆದರೆ ನಿನ್ನ ಕೊಲೆಗಾರಳು ನಾನಾಗಲಾರೆ’ ಎನ್ನುತ್ತಾಳೆ. ನಿಮ್ಮ ವಿದ್ಯಾರ್ಥಿನಿ ಈ ಸಾಲನ್ನು ಗಟ್ಟಿಯಾಗಿ ಹಿಡಿದುಕೊಳ್ಳಲಿ. ಕೊಲ್ಲಲಾರದಿರುವುದು ಆನ್‌ಳ ಸೋಲಾಗಿ ಕಂಡರೂ ಅದು ಅವಳ ಧರ್ಮಬುದ್ಧಿ. ಅದು ಅವಳಲ್ಲಿದೆ ಎಂದು ರಿಚರ್ಡ್‌ಗೆ ಗೊತ್ತು, ಪಣಕ್ಕಿಟ್ಟದ್ದೂ ಅದನ್ನೇ. ನಿಜವಾದ ಅಪಾಯವಿದ್ದಿದ್ದರೆ ಅವನು ಕತ್ತಿ ಕೊಡುತ್ತಿರಲಿಲ್ಲ.

ಉಂಗುರ ತೊಡಿಸುವಾಗಲೂ ಅವಳು ಪೂರ್ತಿ ಒಪ್ಪಿಲ್ಲ. ‘ತೆಗೆದುಕೊಳ್ಳುವುದೆಂದರೆ ಕೊಡುವುದಲ್ಲ’ ಎಂಬ ಅವಳ ಸಾಲು ನಾಟಕದ ಕೆಲವು ಮುದ್ರಿತ ಪಾಠಗಳಲ್ಲಷ್ಟೇ ಇದೆ. ನಿಮ್ಮ ರಂಗಪ್ರತಿಯಲ್ಲಿ ಅದು ಇರಲಿ. ಕೊನೆಗೆ ರಿಚರ್ಡ್, ಶವಸಂಸ್ಕಾರವನ್ನು ನನಗೆ ಬಿಡು, ಚರ್ಟ್ಸಿಯಲ್ಲಿ ಮಣ್ಣು ಮಾಡಿ ಕಣ್ಣೀರಿಟ್ಟು ಬರುತ್ತೇನೆ ಎನ್ನುತ್ತಾನೆ. ಅವನು ಪಶ್ಚಾತ್ತಾಪ ಪಟ್ಟನೆಂದು ಅವಳಿಗೆ ಸಂತೋಷವಾಗುತ್ತದೆ. ಅವಳು ಹೊರಟ ಕೂಡಲೇ ಹೊರುವವರು, ‘ಚರ್ಟ್ಸಿಗೇ, ಪ್ರಭು?’ ಎಂದು ಕೇಳುತ್ತಾರೆ. ‘ಇಲ್ಲ, ವೈಟ್‌ಫ್ರಯರ್ಸ್‌ಗೆ’ ಎನ್ನುತ್ತಾನೆ. ಕೊಟ್ಟ ಮಾತು ಒಂದು ನಿಮಿಷ ಬಾಳಲಿಲ್ಲ. ರಂಗಪ್ರತಿಗಳಲ್ಲಿ ಸುಲಭವಾಗಿ ಹಾರಿಹೋಗುವ ಸಾಲು ಇದು. ಹಾರಿಹೋದರೆ ರಿಚರ್ಡ್‌ನ ಮುಂದಿನ ಜಂಬದ ಮಾತಷ್ಟೇ ಪ್ರೇಕ್ಷಕರ ಕಿವಿಯಲ್ಲಿ ಉಳಿಯುತ್ತದೆ.

ಆ ಜಂಬದ ಮಾತಿನ ಬಗ್ಗೆಯೂ ಎಚ್ಚರ ಬೇಕು. ‘ಇಂಥ ಹೊತ್ತಿನಲ್ಲಿ ಯಾವ ಹೆಣ್ಣನ್ನಾದರೂ ಹೀಗೆ ಒಲಿಸಿದ್ದುಂಟೇ, ಗೆದ್ದದ್ದುಂಟೇ?’ ಎಂದು ಅವನು ನಮ್ಮೆದುರು ಬೀಗುತ್ತಾನೆ. ಹೆಂಗಸರ ಬಗೆಗಿನ ಆ ತಿರಸ್ಕಾರ ಅವನದು. ಅದನ್ನು ನಾಟಕದ ತೀರ್ಪೆಂದು ಓದುವ ಅಭ್ಯಾಸ ಹಳೆಯದು, ತಪ್ಪೂ ಹೌದು. ಏಕೆಂದರೆ ನಾಲ್ಕನೇ ಅಂಕದಲ್ಲಿ ಅವನು ಅದೇ ಆಟವನ್ನು ಇನ್ನೊಮ್ಮೆ ಹೂಡುತ್ತಾನೆ, ಈ ಸಲ ತನ್ನ ಅಣ್ಣ ನಾಲ್ಕನೇ ಎಡ್ವರ್ಡ್‌ನ ವಿಧವೆ, ರಾಣಿ ಎಲಿಜಬೆತ್‌ಳ ಮುಂದೆ. ಅವಳ ಮಕ್ಕಳನ್ನು ಕೊಲ್ಲಿಸಿದವನು ಅವಳ ಮಗಳನ್ನೇ ಮದುವೆಗೆ ಕೇಳುತ್ತಾನೆ. ಅವನು ಆಣೆ ಇಡಹೊರಟ ಒಂದೊಂದನ್ನೂ ಅವಳು ಕಿತ್ತು ಪಕ್ಕಕ್ಕಿಡುತ್ತಾಳೆ: ಕಿರೀಟದ ಮೇಲೆ ಎಂದರೆ ಅದು ನೀನು ಕದ್ದದ್ದು, ತಂದೆಯ ಸಾವಿನ ಮೇಲೆ ಎಂದರೆ ಅದಕ್ಕೆ ನಿನ್ನ ಬದುಕೇ ಕಳಂಕ, ದೇವರ ಮೇಲೆ ಎಂದರೆ ದೇವರಿಗೇ ನೀನು ಹೆಚ್ಚು ದ್ರೋಹ ಬಗೆದವನು. ಕೊನೆಗೆ ಆಣೆಗೆ ಏನೂ ಉಳಿಯದೆ ‘ಬರಲಿರುವ ಕಾಲದ ಮೇಲೆ’ ಎನ್ನುತ್ತಾನೆ. ಅವಳು ಸೋತವಳಂತೆ, ಬೇಗ ಪತ್ರ ಬರೆ, ಅವಳ ಮನಸ್ಸು ತಿಳಿಸುತ್ತೇನೆ ಎಂದು ಹೊರಡುತ್ತಾಳೆ. ಬೆನ್ನ ಹಿಂದೆ ಅವನು ಚಂಚಲ ಹೆಂಗಸು ಎಂದು ಹೀಗಳೆಯುತ್ತಾನೆ. ಮುಂದಿನ ದೃಶ್ಯದಲ್ಲೇ ನಮಗೆ ಗೊತ್ತಾಗುತ್ತದೆ, ಅವಳು ಮಗಳನ್ನು ರಿಚರ್ಡ್‌ನ ಶತ್ರು ರಿಚ್‌ಮಂಡ್‌ಗೆ ಕೊಡಲು ಮನಸಾರೆ ಒಪ್ಪಿದ್ದಾಳೆ.

ಅದೇ ನಾಲಿಗೆ, ಅದೇ ಜಾಣತನ, ಫಲ ಮಾತ್ರ ಬೇರೆ. ಎಲಿಜಬೆತ್‌ಗೆ ಸಮುದ್ರದಾಚೆ ಒಬ್ಬ ರಿಚ್‌ಮಂಡ್ ಇದ್ದಾನೆ, ಆನ್‌ಗೆ ಯಾರೂ ಇರಲಿಲ್ಲ. ರಾಜರ ಒಲಿಸುವಿಕೆ ಫಲಿಸುವುದು ಎದುರಿನವರಿಗೆ ಬೇರೆ ಆಸರೆ ಇಲ್ಲದಾಗ ಎಂಬುದು ಈ ನಾಟಕಗಳನ್ನು ಜೊತೆಯಾಗಿಟ್ಟು ಓದಿದಾಗ ನನಗೆ ದೃಢವಾದ ವಿಚಾರ. ಎಲಿಜಬೆತ್‌ಗೆ ಹಿಂದಿನ ಅನುಭವವೂ ಇತ್ತು. ‘ಆರನೇ ಹೆನ್ರಿ’ಯ ಮೂರನೆಯ ಭಾಗದಲ್ಲಿ ಇವಳೇ ಲೇಡಿ ಗ್ರೇ. ಯುದ್ಧದಲ್ಲಿ ಸತ್ತ ಗಂಡನ ಜಮೀನು ಮರಳಿ ಕೊಡಿ ಎಂದು ನಾಲ್ಕನೇ ಎಡ್ವರ್ಡ್ ಮುಂದೆ ಅರ್ಜಿ ಹಿಡಿದು ಬಂದಿದ್ದಳು. ಜಮೀನನ್ನೇ ಗಾಳದ ಎರೆಯಾಗಿ ಮಾಡಿಕೊಂಡು, ನಿನ್ನೊಡನೆ ಮಲಗಬೇಕು ಎಂದು ಅವನು ಬಾಯಿಬಿಟ್ಟು ಹೇಳಿದಾಗ, ‘ಬಾಯಿಬಿಟ್ಟೇ ಹೇಳುವುದಾದರೆ, ಸೆರೆಮನೆಯಲ್ಲಿ ಮಲಗುವುದೇ ನನಗೆ ಮೇಲು’ ಎಂದವಳು ಅವಳು. ರಾಜ ಮದುವೆಯಾಗಲೇಬೇಕಾಯಿತು. ಅದನ್ನೆಲ್ಲ ಪಕ್ಕದಲ್ಲಿ ನಿಂತು ನೋಡುತ್ತಿದ್ದವನು ತಮ್ಮ ರಿಚರ್ಡ್. ‘ನಗುತ್ತಲೇ ಕೊಲ್ಲಬಲ್ಲೆ’ ಎಂದು ಅವನು ತನ್ನ ಬುದ್ಧಿಯನ್ನು ಮೊದಲ ಸಲ ಬಿಚ್ಚಿಡುವುದು ಅದೇ ದೃಶ್ಯದ ಕೊನೆಯಲ್ಲಿ.

ಸಿಂಹಾಸನ ಹಿಡಿಯುವಾಗಲೂ ಇದೇ ಆಟ, ಪಾತ್ರ ಮಾತ್ರ ಅದಲುಬದಲು. ಬೇನಾರ್ಡ್ಸ್ ಕೋಟೆಯಲ್ಲಿ ಲಂಡನ್ನಿನ ನಾಗರಿಕರು ಕಿರೀಟ ಸ್ವೀಕರಿಸು ಎಂದು ಬೇಡಲು ಬಂದಾಗ ರಿಚರ್ಡ್ ಕೈಯಲ್ಲಿ ಪ್ರಾರ್ಥನಾ ಪುಸ್ತಕ ಹಿಡಿದು ಇಬ್ಬರು ಬಿಷಪ್ಪರ ನಡುವೆ ಕಾಣಿಸಿಕೊಳ್ಳುತ್ತಾನೆ. ಕನ್ಯೆಯಂತೆ ನಡೆದುಕೊ, ಬೇಡ ಬೇಡ ಎನ್ನುತ್ತಲೇ ತೆಗೆದುಕೊ ಎಂದು ಮೊದಲೇ ಅವನ ಸಹಚರ ಬಕಿಂಗ್‌ಹ್ಯಾಮ್ ಹೇಳಿಕೊಟ್ಟಿದ್ದಾನೆ. ಅಲ್ಲಿಯೂ ನಾಗರಿಕರ ಮುಂದೆ ಬೇರೆ ದಾರಿ ಇಲ್ಲ.

ಇನ್ನು ಚರಿತ್ರೆಯ ವಿಷಯ. ನಿಮ್ಮ ವಿದ್ಯಾರ್ಥಿ ಓದಿರುವುದರಲ್ಲಿ ಸತ್ಯಾಂಶ ಸಾಕಷ್ಟಿದೆ. ಶವಪೆಟ್ಟಿಗೆಯ ಪಕ್ಕದ ಪ್ರಣಯ ನಡೆದೇ ಇಲ್ಲ, ಅದು ಶೇಕ್ಸ್‌ಪಿಯರನ ಕಲ್ಪನೆ. ಆನ್ ನೆವಿಲ್‌ಳ ಗಂಡ, ಆರನೇ ಹೆನ್ರಿಯ ಮಗ ಎಡ್ವರ್ಡ್ 1471ರ ಮೇ 4ರಂದು ಟ್ಯೂಕ್ಸ್‌ಬರಿ ಕಾಳಗದಲ್ಲಿ ಸತ್ತಾಗ ಅವಳಿಗೆ ಇನ್ನೂ 15 ತುಂಬಿರಲಿಲ್ಲ, ರಿಚರ್ಡ್‌ಗೆ 18. ರಿಚರ್ಡ್ ತನ್ನ ಕೈಯಾರೆ ಅವನನ್ನು ಕೊಂದನೆಂಬುದಕ್ಕೆ ಆ ಕಾಲದ ಆಧಾರವಿಲ್ಲ. 2012ರಲ್ಲಿ ಲೆಸ್ಟರ್ ನಗರದ ಕಾರು ನಿಲ್ದಾಣದ ಅಡಿಯಲ್ಲಿ ಅವನ ಅಸ್ಥಿಪಂಜರ ಸಿಕ್ಕಿತು. ಬೆನ್ನುಮೂಳೆ ಪಕ್ಕಕ್ಕೆ ಬಾಗಿದ್ದು ನಿಜ, ನಾಟಕದಲ್ಲಿ ಬರುವ ಒಣಗಿದ ತೋಳು ಮಾತ್ರ ಕಟ್ಟುಕಥೆ. ನಾಟಕ ಬರೆದ 1590ರ ದಶಕದಲ್ಲಿ ಸಿಂಹಾಸನದ ಮೇಲಿದ್ದ ಒಂದನೇ ಎಲಿಜಬೆತ್, ರಿಚರ್ಡ್‌ನನ್ನು ಬಾಸ್‌ವರ್ತ್ ಕಾಳಗದಲ್ಲಿ ಸೋಲಿಸಿದ ರಿಚ್‌ಮಂಡ್‌ನ ಮೊಮ್ಮಗಳು ಎಂಬುದನ್ನು ಮರೆಯಬಾರದು.

ಹಾಗೆಂದು ನಿಜವಾದ ಮದುವೆ ಪ್ರೇಮದ ಕಥೆಯಾಗಿತ್ತು ಎನ್ನಲೂ ಆಗದು. ಆನ್ ತನ್ನ ತಂದೆ ವಾರಿಕ್ ಪ್ರಭುವಿನ ಅಪಾರ ಆಸ್ತಿಯ ಇಬ್ಬರು ವಾರಸುದಾರರಲ್ಲಿ ಒಬ್ಬಳು. ಅವಳಕ್ಕ ಇಸಬೆಲ್‌ಳನ್ನು ಮದುವೆಯಾಗಿದ್ದವನು ರಿಚರ್ಡ್‌ನ ಅಣ್ಣ ಕ್ಲಾರೆನ್ಸ್. ಪಾಲು ಕೊಡಲು ಮನಸ್ಸಿಲ್ಲದ ಅವನು ಆನ್‌ಳನ್ನು ಅಡುಗೆಯವಳ ವೇಷದಲ್ಲಿ ಲಂಡನ್ನಿನಲ್ಲಿ ಬಚ್ಚಿಟ್ಟಿದ್ದನೆಂದೂ ರಿಚರ್ಡ್ ಅವಳನ್ನು ಪತ್ತೆ ಹಚ್ಚಿ ಚರ್ಚಿನ ಆಶ್ರಯಕ್ಕೆ ಸೇರಿಸಿದನೆಂದೂ ಕ್ರೌಲ್ಯಾಂಡ್ ಮಠದ ಚರಿತ್ರೆ ಹೇಳುತ್ತದೆ. 1474ರಲ್ಲಿ ಸಂಸತ್ತು, ಬದುಕಿದ್ದ ಅವರ ತಾಯಿಯನ್ನು ಸತ್ತವಳೆಂದೇ ಭಾವಿಸಿ ಆಸ್ತಿಯನ್ನು ಇಬ್ಬರು ಅಳಿಯಂದಿರಿಗೆ ಹಂಚುವ ಕಾಯಿದೆ ಮಾಡಿತು. ನಾಟಕದ ದೃಶ್ಯ ಕಲ್ಪಿತವಾದರೂ, ಆಸರೆಯಿಲ್ಲದ ಹೆಣ್ಣಿನ ಸುತ್ತ ಅಧಿಕಾರ ಹೆಣೆಯುವ ಬಲೆಯ ಚಿತ್ರ ಸುಳ್ಳಲ್ಲ. ನಾಟಕ ಬೇಕೆನ್ನಲು ನಿಮ್ಮ ವಿದ್ಯಾರ್ಥಿಗೆ ಇಷ್ಟು ಸಾಕೆಂದು ತಿಳಿಯುತ್ತೇನೆ. ಕರಪತ್ರದಲ್ಲಿ ನಾಲ್ಕು ಸಾಲಿನ ಚಾರಿತ್ರಿಕ ಟಿಪ್ಪಣಿ ಬರೆಯುವ ಕೆಲಸವನ್ನು ಅವನಿಗೇ ಕೊಡಿ.

ಅಧಿಕಾರಕ್ಕಾಗಿ ಮೋಸ ಮಾಡುವ ಇದೆಲ್ಲ ಇಟಲಿಯ ರಾಜಕೀಯ ಚಿಂತಕ ಮೆಕಿಯವೆಲ್ಲಿಯಿಂದ ಬಂದದ್ದೇ ಎಂದು ತೀರ್ಪುಗಾರರು ಕೇಳಬಹುದು. ಅವನ ‘ದಿ ಪ್ರಿನ್ಸ್’ ಅಚ್ಚಾದದ್ದು 1532ರಲ್ಲಿ, ಇಂಗ್ಲಿಷ್ ಅನುವಾದ ಅಚ್ಚಾದದ್ದು 1640ರಲ್ಲಿ. ನಡುವೆ ಇಂಗ್ಲೆಂಡಿನ ರಂಗಭೂಮಿಯಲ್ಲಿ ಓಡಾಡಿದ್ದು ಹೆಚ್ಚಾಗಿ ಅವನ ಹೆಸರಿನ ಒಂದು ಬೆದರುಬೊಂಬೆ. ಪ್ರೇಕ್ಷಕರಿಗೆ ಅದಕ್ಕಿಂತ ಹತ್ತಿರದ ಉದಾಹರಣೆ ತಮ್ಮ ರಾಣಿಯ ಆಸ್ಥಾನದಲ್ಲೇ ಇತ್ತು. ಒಂದನೇ ಎಲಿಜಬೆತ್ ವಿವಾಹ ಸಂಧಾನಗಳನ್ನು ವರ್ಷಗಟ್ಟಲೆ ರಾಜತಂತ್ರವಾಗಿ ನಡೆಸಿದವಳು. ಫ್ರೆಂಚ್ ರಾಜನ ತಮ್ಮನೊಂದಿಗಿನ ಮದುವೆಯನ್ನು ವಿರೋಧಿಸಿ ಕಿರುಹೊತ್ತಗೆ ಬರೆದ ಜಾನ್ ಸ್ಟಬ್ಸ್‌ನ ಬಲಗೈಯನ್ನು 1579ರಲ್ಲಿ ಕತ್ತರಿಸಲಾಯಿತು. ಪ್ರಭುಗಳ ಪ್ರಣಯ ಪ್ರಜೆಗಳ ಪ್ರಾಣಕ್ಕೂ ಸಂಬಂಧಿಸಿದ್ದು ಎಂದು ಆ ಪ್ರೇಕ್ಷಕರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಈಗ ಹೆನ್ರಿಯ ದೃಶ್ಯ. ನಿಮ್ಮ ಕಸಿವಿಸಿಗೆ ಗಟ್ಟಿ ಆಧಾರವಿದೆ. ಎಲ್ಲರೂ ಒಪ್ಪಂದದ ಮಾತುಕತೆಗೆ ಹೊರಡುವಾಗ ಹೆನ್ರಿ, ಕ್ಯಾಥರೀನ್ ಇಲ್ಲೇ ಇರಲಿ, ನಮ್ಮ ಕರಾರುಗಳ ಮೊದಲ ಸಾಲಿನಲ್ಲಿರುವ ಮುಖ್ಯ ಬೇಡಿಕೆ ಅವಳೇ ಎನ್ನುತ್ತಾನೆ. ಅದಾದ ಮೇಲೆ, ನಾನು ಒರಟು ಸಿಪಾಯಿ, ಸವಿಮಾತು ಬಾರದವನು ಎಂದು ಶುರು ಮಾಡುತ್ತಾನೆ. ಎರಡು ಅಂಕಗಳ ಹಿಂದೆ ಹಾರ್ಫ್ಲರ್ ಪಟ್ಟಣದ ಬಾಗಿಲಲ್ಲಿ ನಿಂತು, ಶರಣಾಗದಿದ್ದರೆ ನಿಮ್ಮ ಕನ್ಯೆಯರು ನನ್ನ ಸೈನಿಕರ ಕೈಗೆ ಸಿಕ್ಕುತ್ತಾರೆ ಎಂದು ಅಷ್ಟು ಭೀಕರವಾಗಿ ಮಾತಾಡಿದವನು ಇವನೇ. ಮಾತು ಬಾರದು ಎನ್ನುವುದು ಅವನ ವೇಷ. ‘ಫ್ರಾನ್ಸಿನ ವೈರಿಯನ್ನು ನಾನು ಪ್ರೀತಿಸುವುದು ಸಾಧ್ಯವೇ?’ ಎಂದು ಅವಳು ಕೇಳಿದರೆ, ‘ನಾನು ಫ್ರಾನ್ಸನ್ನು ಎಷ್ಟು ಪ್ರೀತಿಸುತ್ತೇನೆಂದರೆ ಅದರ ಒಂದು ಹಳ್ಳಿಯನ್ನೂ ಬಿಟ್ಟುಕೊಡೆನು’ ಎನ್ನುತ್ತಾನೆ. ತಂದೆಯವರಿಗೆ ಇಷ್ಟವಾದರೆ ಸರಿ ಎಂದು ಅವಳು ಅಂದರೆ, ‘ಅವರಿಗೆ ಇಷ್ಟವಾಗುತ್ತದೆ ಕೇಟ್, ಇಷ್ಟವಾಗಲೇಬೇಕು’ ಎನ್ನುತ್ತಾನೆ. ಆ ಒಂದು ಸಾಲಿನೊಳಗೆ ದನಿ ಹೇಗೆ ತಿರುಗುತ್ತದೆ ಎಂಬುದನ್ನು ನಿಮ್ಮ ನಟನಿಗೆ ಬೇಕಾದಷ್ಟು ಸಲ ಹೇಳಿಸಿ ನೋಡಿ.

ಆದರೂ ಹೆನ್ರಿಯನ್ನು ರಿಚರ್ಡ್‌ನ ಪಕ್ಕಕ್ಕೆ ನಿಲ್ಲಿಸುವುದು ಅನ್ಯಾಯ. ಅವನು ಕ್ಯಾಥರೀನಳನ್ನು ಬಳಸಿ ಬಿಸಾಡಲು ಹೊರಟವನಲ್ಲ, ಅವಳಿಂದ ನಿಜವಾಗಿ ಒಂದು ‘ಹೂಂ’ ಬೇಕೆಂಬ ಆಸೆಯೂ ಅವನಲ್ಲಿದೆ ಎಂದೇ ನನ್ನ ಓದು. ಸಂಧಿಯ ಕಾಗದದಲ್ಲಿ ಆಗಲೇ ಸಿಕ್ಕಿದ್ದನ್ನು ಮತ್ತೆ ಪ್ರೀತಿಯಿಂದ ಕೇಳುವುದರಲ್ಲಿ ಮೃದುತನವೂ ಇದೆ, ತನಗೇ ತಾನು ಹೇಳಿಕೊಳ್ಳುವ ಸುಳ್ಳೂ ಇದೆ. ಇಲ್ಲಿನ ಮೋಸವೆಂದರೆ ಅವಳಿಗೆ ಆಯ್ಕೆ ಇದೆ ಎಂಬ ನಟನೆ, ಮತ್ತು ಆ ನಟನೆಯಲ್ಲಿ ಅವಳೂ ತಿಳಿದೇ ಪಾಲುಗೊಳ್ಳುತ್ತಾಳೆ.

ಆಡಿಸುವ ದಾರಿಗಳ ಬಗ್ಗೆ ಕೇಳಿದ್ದೀರಿ. ರಿಚರ್ಡ್‌ನನ್ನು ಮೋಡಿಗಾರನಾಗಿಸುವುದು ಎಲ್ಲಕ್ಕಿಂತ ಸುಲಭ, ಚಪ್ಪಾಳೆ ಖಚಿತ. ಅದರ ಬೆಲೆ ತೆರುವವಳು ಆನ್, ಸಭಿಕರು ಅವನ ಜೊತೆ ಸೇರಿ ಅವಳನ್ನು ನೋಡಿ ನಗುತ್ತಾರೆ. ಆನ್‌ಳನ್ನು ಮೊದಲಿನಿಂದ ಕೊನೆವರೆಗೆ ಭಯದಲ್ಲಿ ನಡುಗಿಸುವ ದಾರಿ ಇತ್ತೀಚೆಗೆ ಹೆಚ್ಚು ರೂಢಿಯಲ್ಲಿದೆ. ಅದರಲ್ಲಿ ಸರಿಸಾಟಿ ಮಾತಿನ ಕಾಳಗ ಸತ್ತುಹೋಗುತ್ತದೆ, ಉಗುಳುವ ಧೈರ್ಯ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಅವಳು ಬದುಕಿನ ಲೆಕ್ಕ ಹಾಕಿಯೇ ಒಪ್ಪುತ್ತಾಳೆ ಎಂದು ತೋರಿಸುವುದು ನಿಮ್ಮ ವಿದ್ಯಾರ್ಥಿನಿಗೆ ಹಿಡಿಸಬಹುದು. ಆದರೆ ನಾಲ್ಕನೇ ಅಂಕದ ಆರಂಭದಲ್ಲಿ ಆನ್ ತಾನೇ ಹೇಳುತ್ತಾಳೆ: ಅವನಿಗೆ ಹೆಂಡತಿಯಾಗುವವಳು ನನಗಿಂತ ದುಃಖಪಡಲಿ ಎಂದು ಶಪಿಸಿದ್ದೆ, ಆ ಶಾಪವನ್ನು ಇನ್ನೊಮ್ಮೆ ಉಚ್ಚರಿಸುವಷ್ಟು ಹೊತ್ತೂ ಆಗಿರಲಿಲ್ಲ, ನನ್ನ ಹೆಣ್ಣುಹೃದಯ ಅವನ ಜೇನಿನಂಥ ಮಾತಿಗೆ ಸೆರೆಯಾಯಿತು, ನನ್ನ ಶಾಪಕ್ಕೆ ನಾನೇ ಗುರಿಯಾದೆ. ಈ ಮಾತು ಶುದ್ಧ ಲೆಕ್ಕಾಚಾರಕ್ಕೆ ಒಗ್ಗುವುದಿಲ್ಲ. ಕತ್ತಿ ಬೀಳುವವರೆಗೆ ಪೂರ್ತಿ ಕೋಪ, ಬಿದ್ದ ಮೇಲೆ ದಣಿವು, ಆ ದಣಿವಿನೊಳಗೆ ನಂಬಬೇಕೆಂಬ ಆಸೆ: ನಾನಾದರೆ ಹೀಗೆ ಆಡಿಸುತ್ತೇನೆ. ಎಲ್ಲರನ್ನೂ ಕಳೆದುಕೊಂಡವಳಿಗೆ ಕೊಲೆಗಾರ ಪಶ್ಚಾತ್ತಾಪ ಪಟ್ಟಿದ್ದಾನೆ ಎಂದು ನಂಬುವುದೊಂದೇ ಮುಂದಿನ ದಿನವನ್ನು ತಾಳಿಕೊಳ್ಳುವ ದಾರಿ ಎಂಬುದು ಅವಳ ಮುಖದಲ್ಲಿ ಕಾಣಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಮೌನಗಳು ಬೇಕಾಗುತ್ತವೆ, ಸ್ಪರ್ಧೆಯ ಗಡಿಯಾರಕ್ಕೆ ಅದು ಅಪಾಯವೇ.

ಹೆನ್ರಿಯ ದೃಶ್ಯದಲ್ಲಿ ಕ್ಯಾಥರೀನಳ ತೊದಲು ಭಾಷೆಯನ್ನು ನಗೆಗಾಗಿ ಹಿಗ್ಗಿಸಬೇಡಿ. ಅವಳ ಉತ್ತರಗಳೆಲ್ಲ ಚುರುಕು, ಜನ ನಗುವುದು ಅವಳ ಬುದ್ಧಿಗಾಗಲಿ. ಪರಿಚಾರಿಕೆ ಆಲಿಸ್ ವೇದಿಕೆಯ ಮೇಲೇ ಇರಲಿ, ಅವಳಿಲ್ಲದಿದ್ದರೆ ಅದು ಬೇರೆಯೇ ದೃಶ್ಯವಾಗುತ್ತದೆ.

ಎರಡು ದೃಶ್ಯಗಳ ಅನುಕ್ರಮವನ್ನೂ ಯೋಚಿಸಿ. ನೀವು ರಿಚರ್ಡ್‌ನನ್ನು ಮೊದಲು ಇಟ್ಟಂತಿದೆ, ಹೆನ್ರಿಯನ್ನು ಮೊದಲು ಆಡಿಸಿ. ನಮ್ಮಿಬ್ಬರಿಗೆ ಅರ್ಧ ಫ್ರೆಂಚ್, ಅರ್ಧ ಇಂಗ್ಲಿಷ್ ಆದ ಗಂಡುಮಗು ಹುಟ್ಟಲಿ, ಅದು ಕಾನ್‌ಸ್ಟಾಂಟಿನೋಪಲ್‌ವರೆಗೆ ಹೋಗಿ ತುರ್ಕರ ಗಡ್ಡ ಹಿಡಿಯಲಿ ಎಂದು ಹೆನ್ರಿ ಕ್ಯಾಥರೀನಳಿಗೆ ಆಸೆ ಹುಟ್ಟಿಸುತ್ತಾನೆ. 1420ರ ಜೂನ್‌ನಲ್ಲಿ ಫ್ರಾನ್ಸಿನ ಟ್ರ್ವಾ (Troyes) ನಗರದಲ್ಲಿ ಮದುವೆ ನಡೆಯಿತು, ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಮಗ ಹುಟ್ಟಿದ. 1422ರ ಆಗಸ್ಟ್‌ನಲ್ಲಿ ಹೆನ್ರಿ ತೀರಿಕೊಂಡಾಗ ಮಗುವಿಗೆ ಒಂಬತ್ತು ತಿಂಗಳೂ ತುಂಬಿರಲಿಲ್ಲ. ಆ ಮಗುವೇ 1471ರಲ್ಲಿ ಸತ್ತ ಆರನೇ ಹೆನ್ರಿ, ನಾಟಕದಲ್ಲಿ ಆನ್ ಹೊರಿಸಿಕೊಂಡು ಹೋಗುವ ಶವ ಅವನದೇ. ದೃಶ್ಯಗಳ ನಡುವೆ ನಿರೂಪಕರೊಬ್ಬರು ಎರಡು ವಾಕ್ಯದಲ್ಲಿ ಇದನ್ನು ಹೇಳಿದರೆ ಸಾಕು. ಸಮಯ ಮೀರಿದರೆ ಆನ್ ದೃಶ್ಯದ ಅಲಂಕಾರದ ಮಾತುಗಳನ್ನು, ರಿಚರ್ಡ್‌ನ ಕೊನೆಯ ಸ್ವಗತದ ಅರ್ಧವನ್ನು ಕತ್ತರಿಸಿ. ಕಾವಲಿನವನ ಒಂದು ಸಾಲು, ಕತ್ತಿ ಎತ್ತುವ ಎರಡು ಪ್ರಯತ್ನ, ವೈಟ್‌ಫ್ರಯರ್ಸ್ ಎಂಬ ಆಜ್ಞೆ, ಈ ಮೂರನ್ನು ಮುಟ್ಟಬೇಡಿ.